ಬೆಳಕು ಕೊಟ್ಟರೂ ಗಟ್ಟಿಯಾಗದ ಫಿಲ್ಮ್: ಫೋಟೋ ಇನಿಷಿಯೇಟರ್ ಬಗ್ಗೆ ಒಂದು ಪಾಠ

ಹೋದ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆ ಬೇಕಾದ ಪಿಸಿಬಿಯನ್ನು ನಾವೇ ಮಾಡೋಣ ಅಂತ ನಾಲ್ಕು ಜನ ಹೊರಟೆವು. ಬಿಇಎಲ್ 1954ರಲ್ಲಿ ಶುರುವಾದ ಜಾಲಹಳ್ಳಿಯಲ್ಲಿ ಓದುತ್ತಾ, ಪಕ್ಕದಲ್ಲೇ ಪೀಣ್ಯ ಇಟ್ಟುಕೊಂಡು, ಒಂದು ಬೋರ್ಡ್ ಮಾಡೋಕೆ ಬರಲ್ಲ ಅಂದ್ರೆ ಹೇಗೆ?

ವಿಧಾನ ಸುಲಭ. ತಾಮ್ರದ ಬೋರ್ಡಿಗೆ ನೀಲಿ ಡ್ರೈ ಫಿಲ್ಮ್ ಅಂಟಿಸಬೇಕು. ಅದರ ಮೇಲೆ ಸರ್ಕ್ಯೂಟಿನ ನೆಗೆಟಿವ್ ಇಟ್ಟು ಯುವಿ ಬೆಳಕು ಕೊಡಬೇಕು. ಬೆಳಕು ಬಿದ್ದ ಜಾಗ ಗಟ್ಟಿಯಾಗುತ್ತದೆ, ಉಳಿದದ್ದು ವಾಷಿಂಗ್ ಸೋಡಾ ನೀರಿನಲ್ಲಿ ತೊಳೆದುಹೋಗುತ್ತದೆ. ಫೆರಿಕ್ ಕ್ಲೋರೈಡ್‌ಗೆ ಹಾಕಿದಾಗ ಗಟ್ಟಿ ಫಿಲ್ಮಿನ ಕೆಳಗಿನ ತಾಮ್ರ ಮಾತ್ರ ಉಳಿಯುತ್ತದೆ.

ನಮ್ಮ ಬೋರ್ಡಿನಲ್ಲಿ ಉಳಿಯಬೇಕಾದ ಗೆರೆಗಳೂ ಸೋಡಾ ನೀರಿಗೆ ಹೋದವು. ಬೆಳಕು ಸಾಲಲಿಲ್ಲ ಅಂದುಕೊಂಡು ಎರಡನೇ ಬೋರ್ಡನ್ನು ಮೂರು ಪಟ್ಟು ಹೊತ್ತು ಲ್ಯಾಂಪಿನ ಕೆಳಗೆ ಇಟ್ಟೆವು. ಅದೂ ಹಾಳು. ರಿವ್ಯೂಗೆ ಇನ್ನು ಮೂರೇ ದಿನ. ಕೊನೆಗೆ ಪೀಣ್ಯದಲ್ಲಿ ಪಿಸಿಬಿ ಮಾಡುವ ಒಂದು ಚಿಕ್ಕ ಶೆಡ್ಡಿಗೆ ಹೋಗಿ ತೋರಿಸಿದೆವು. ಅಲ್ಲಿದ್ದ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಮೇಲಿನ ಪ್ಲಾಸ್ಟಿಕ್ ಹಾಳೆನೂ ಕಿತ್ತು ಲೈಟಿಗೆ ಇಟ್ರಾ?"

ಹೌದು, ಕಿತ್ತಿದ್ದೆವು. ಅದು ಯಾಕೆ ತಪ್ಪು ಅನ್ನೋದೇ ಈ ಪಾಠ.

ಮೊದಲ ಕಿಡಿ

ಫ್ರೀ ರ‍್ಯಾಡಿಕಲ್ ಪಾಲಿಮರೀಕರಣದ ಮೂರು ಹಂತಗಳನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೇವೆ: ಆರಂಭ, ಬೆಳವಣಿಗೆ, ಮುಕ್ತಾಯ. ಪುಸ್ತಕದಲ್ಲಿ ಬೆಂಜಾಯ್ಲ್ ಪೆರಾಕ್ಸೈಡ್ ಬಿಸಿಗೆ ಒಡೆದು ರ‍್ಯಾಡಿಕಲ್ ಕೊಡುತ್ತದೆ. ಇಲ್ಲಿ ಬಿಸಿಯ ಜಾಗದಲ್ಲಿ ಬೆಳಕು, ಪೆರಾಕ್ಸೈಡ್ ಜಾಗದಲ್ಲಿ ಫೋಟೋ ಇನಿಷಿಯೇಟರ್. ಮುಂದಿನ ಎರಡು ಹಂತಗಳಿಗೆ ಬೆಳಕು ಬೇಕಿಲ್ಲ. ಅಂದರೆ ಅಕ್ರಿಲೇಟ್ ಮೊನೊಮರನ್ನು ಬೆಳಕು ನೇರವಾಗಿ ಗಟ್ಟಿ ಮಾಡುವುದಿಲ್ಲ. ಅದು ಇನಿಷಿಯೇಟರನ್ನು ಎಬ್ಬಿಸುತ್ತದೆ, ಅಷ್ಟೇ.

ಒಂದು ಚಿಕ್ಕ ಲೆಕ್ಕ ನೋಡಿ. 365 ನ್ಯಾನೋಮೀಟರ್ ಬೆಳಕಿನ ಒಂದು ಮೋಲ್ ಫೋಟಾನ್‌ಗಳ ಶಕ್ತಿ ಸುಮಾರು 328 ಕಿಲೋಜೂಲ್. ಸಾಮಾನ್ಯ ಕಾರ್ಬನ್-ಕಾರ್ಬನ್ ಬಂಧ ಒಡೆಯಲು ಸುಮಾರು 347 ಬೇಕು. ಹಾಗಾದರೆ ಹೇಗೆ ಒಡೆಯುತ್ತದೆ? ಇನಿಷಿಯೇಟರ್ ಅಣುವಿನಲ್ಲಿ ಕಾರ್ಬೊನಿಲ್ ಪಕ್ಕದ ಬಂಧ ಇದಕ್ಕಿಂತ ದುರ್ಬಲ. ಬೆಳಕು ಹೀರಿಕೊಂಡ ಅಣು ಅಲ್ಲೇ ಎರಡು ತುಂಡಾಗುತ್ತದೆ. ಇದು ಮೊದಲನೇ ಬಗೆ. 405 ನ್ಯಾನೋಮೀಟರ್‌ನ 3ಡಿ ಪ್ರಿಂಟರ್ ರೆಸಿನ್‌ಗಳಲ್ಲಿ ಬಳಸುವ ಟಿಪಿಒ ಈ ಜಾತಿಯದು.

ಎರಡನೇ ಬಗೆಯದು ಒಡೆಯುವುದಿಲ್ಲ, ಪಕ್ಕದವನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಹಲ್ಲಿನ ಡಾಕ್ಟರು ಹುಳುಕಿಗೆ ಫಿಲ್ಲಿಂಗ್ ಹಾಕಿ ನೀಲಿ ಬೆಳಕು ಹಿಡಿಯುತ್ತಾರಲ್ಲ, ಅದರಲ್ಲಿ ಸಾಮಾನ್ಯವಾಗಿ ಇರುವುದು ಕ್ಯಾಂಫರ್‌ಕ್ವಿನೋನ್. ಅದು ಹೆಚ್ಚು ಹೀರುವುದು 468 ನ್ಯಾನೋಮೀಟರ್ ಆಸುಪಾಸಿನಲ್ಲಿ, ಶಕ್ತಿ ಸುಮಾರು 256 ಕಿಲೋಜೂಲ್ ಮಾತ್ರ. ಜೊತೆಗಿರುವ ಅಮೈನ್‌ನಿಂದ ಹೈಡ್ರೋಜನ್ ತೆಗೆದುಕೊಂಡರೆ, ಆ ಅಮೈನ್ ರ‍್ಯಾಡಿಕಲ್ ಸರಪಳಿ ಶುರು ಮಾಡುತ್ತದೆ.

ಆದ್ದರಿಂದ ಲ್ಯಾಂಪಿನ ತರಂಗಾಂತರ ಮತ್ತು ಇನಿಷಿಯೇಟರ್ ಹೀರುವ ತರಂಗಾಂತರ ಹೊಂದಬೇಕು. ಪಿಸಿಬಿ ಶೆಡ್ಡಿನ ಫಿಲ್ಮ್ ರೂಮಿನಲ್ಲಿ ಹಳದಿ ಬಲ್ಬ್ ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಆ ಬೆಳಕನ್ನು ಫಿಲ್ಮಿನ ಇನಿಷಿಯೇಟರ್ ಹೀರುವುದಿಲ್ಲ.

ಜಾಸ್ತಿ ಬೆಳಕು, ಜಾಸ್ತಿ ಕೆಲಸ?

ಲ್ಯಾಂಪಿನ ತೀವ್ರತೆ ಎರಡು ಪಟ್ಟಾದರೆ ಪಾಲಿಮರ್ ಬೆಳೆಯುವ ವೇಗ ಎರಡು ಪಟ್ಟಾಗುವುದಿಲ್ಲ, ಸುಮಾರು 1.41 ಪಟ್ಟಾಗುತ್ತದೆ. ರ‍್ಯಾಡಿಕಲ್‌ಗಳು ಹೆಚ್ಚಿದಷ್ಟೂ ಒಂದಕ್ಕೊಂದು ಕೂಡಿಕೊಂಡು ಮುಗಿದುಹೋಗುತ್ತವೆ, ಹಾಗಾಗಿ ವೇಗ ತೀವ್ರತೆಯ ವರ್ಗಮೂಲದಂತೆ ಏರುತ್ತದೆ. ಇನಿಷಿಯೇಟರನ್ನೇ ಜಾಸ್ತಿ ಸುರಿದರೂ ಕಷ್ಟ. ಮೇಲಿನ ಪದರವೇ ಬೆಳಕನ್ನೆಲ್ಲ ಹೀರಿಕೊಂಡು ಕೆಳಗಿನದು ಹಸಿಯಾಗಿ ಉಳಿಯುತ್ತದೆ.

ಗಾಳಿಯ ಕಾಟ

ನಮ್ಮ ಬೋರ್ಡ್ ಕೆಟ್ಟದ್ದು ಇಲ್ಲಿ. ಗಾಳಿಯ ಆಮ್ಲಜನಕಕ್ಕೆ ರ‍್ಯಾಡಿಕಲ್ ಕಂಡರೆ ಬಹಳ ಪ್ರೀತಿ. ಮೊನೊಮರ್‌ಗೆ ಸೇರುವುದಕ್ಕಿಂತ ಎಷ್ಟೋ ಬೇಗ ರ‍್ಯಾಡಿಕಲ್ ಆಮ್ಲಜನಕಕ್ಕೆ ಅಂಟಿ ಪೆರಾಕ್ಸಿ ರ‍್ಯಾಡಿಕಲ್ ಆಗುತ್ತದೆ. ಅದು ಮಂದ, ಸರಪಳಿ ಬೆಳೆಸುವುದಿಲ್ಲ. ಡ್ರೈ ಫಿಲ್ಮಿಗೆ ಎರಡು ಹಾಳೆ ಇರುತ್ತವೆ. ಒಳಗಿನ ಮೆತ್ತನೆಯದನ್ನು ಅಂಟಿಸುವ ಮುಂಚೆ ತೆಗೆಯಬೇಕು. ಹೊರಗಿನ ಪಾರದರ್ಶಕ ಪಾಲಿಯೆಸ್ಟರ್ ಹಾಳೆ ಬೆಳಕು ಕೊಡುವಾಗಲೂ ಇರಬೇಕು, ಗಾಳಿಯನ್ನು ತಡೆಯುವುದು ಅದೇ. ನಾವು ಎರಡನ್ನೂ ಕಿತ್ತಿದ್ದೆವು. ಎಷ್ಟು ಹೊತ್ತು ಇಟ್ಟರೂ ಹೊಸ ಆಮ್ಲಜನಕ ಬರುತ್ತಲೇ ಇತ್ತು, ತೆಳು ಫಿಲ್ಮ್ ಹಸಿಯಾಗೇ ಉಳಿಯಿತು.

ಅಣ್ಣ ಇನ್ನೊಂದು ಮಾತೂ ಹೇಳಿದರು: "ಲೈಟ್ ಆದ್ಮೇಲೆ ಹದಿನೈದು ನಿಮಿಷ ಹಾಗೇ ಬಿಡಿ, ಆಮೇಲೆ ಹಾಳೆ ಬಿಚ್ಚಿ." ದೀಪ ಆರಿದ ಮೇಲೂ ಫಿಲ್ಮಿನೊಳಗೆ ಸರಪಳಿಗಳು ಸ್ವಲ್ಪ ಹೊತ್ತು ಬೆಳೆಯುತ್ತಿರುತ್ತವೆ. ಮೂರನೇ ಬೋರ್ಡಿನಲ್ಲಿ ಎರಡೂ ಮಾತು ಕೇಳಿದೆವು, ಗೆರೆಗಳು ನಿಂತವು. ರಿವ್ಯೂ ದಿನ ಎಲ್‌ಇಡಿ ಮಿನುಗಿತು.

ಜೂನಿಯರ್‌ಗಳಿಗೆ

ಗ್ಲೌಸ್ ಇಲ್ಲದೆ ಹಸಿ ರೆಸಿನ್ ಮುಟ್ಟಬೇಡಿ. ಅಕ್ರಿಲೇಟ್‌ಗಳಿಂದ ಚರ್ಮಕ್ಕೆ ಅಲರ್ಜಿ ಬರಬಹುದು. ಉಗುರಿನ ಜೆಲ್‌ಗಳಲ್ಲಿ ಬಳಕೆಯಲ್ಲಿದ್ದ ಟಿಪಿಒವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಮಿಕ್ಕ ಹಸಿ ರೆಸಿನನ್ನು ಸಿಂಕಿಗೆ ಸುರಿಯದೆ, ಬಿಸಿಲಿನಲ್ಲಿಟ್ಟು ಪೂರ್ತಿ ಗಟ್ಟಿ ಮಾಡಿ ಆಮೇಲೆ ಎಸೆಯಿರಿ. ಬೋರ್ಡ್ ಕೆಟ್ಟರೆ ಟೈಮ್ ಹೆಚ್ಚಿಸುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ: ತರಂಗಾಂತರ ಹೊಂದುತ್ತಾ? ಬೆಳಕು ತಳಕ್ಕೆ ಮುಟ್ಟುತ್ತಾ? ಗಾಳಿ ಒಳಗೆ ಬರ್ತಿದೆಯಾ?