ಹಳೆಯ ಜೀಪಿನ ಸಡಿಲ ಸ್ಟಿಯರಿಂಗ್: ಪರೀಕ್ಷೆ, ದುರಸ್ತಿ ಮತ್ತು ಬಿಡಿಭಾಗಗಳು

ಮಲೆನಾಡಿನ ಮತ್ತು ಕೊಡಗಿನ ಸಣ್ಣ ಬೆಳೆಗಾರರ ಕೊಟ್ಟಿಗೆಗಳಲ್ಲಿ ಈಗಲೂ ಹಳೆಯ ಜೀಪುಗಳು ದುಡಿಯುತ್ತಿವೆ. ಮಹೀಂದ್ರ ಸಂಸ್ಥೆಯವರು 1947ರಲ್ಲಿ ಅಮೆರಿಕದ ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸಲು ಆರಂಭಿಸಿದರು. 1953ರಲ್ಲಿ ವಿಲ್ಲಿಸ್ ಕಂಪನಿ ಹೊರತಂದ ಎತ್ತರದ ಬಾನೆಟ್ಟಿನ ಸಿ.ಜೆ. 3ಬಿ ಮಾದರಿ ಅಮೆರಿಕದಲ್ಲಿ 1968ಕ್ಕೆ ನಿಂತಿತು. ಆದರೆ ನಮ್ಮಲ್ಲಿ ಅದೇ ವಂಶದ ಗಾಡಿಗಳು ಆಮೇಲೂ ಬಹುಕಾಲ ತಯಾರಾದವು. ಚೆರ್ರಿ ಮೂಟೆ, ಅಡಿಕೆ ಗೊನೆ, ಗೊಬ್ಬರ, ಬೋರ್ಡೋ ದ್ರಾವಣದ ಪೀಪಾಯಿ ಎಲ್ಲವನ್ನೂ ಹೊತ್ತು ಕೆಸರು ದಾರಿಯನ್ನು ಏರುವ ಈ ಗಾಡಿಯನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿಲ್ಲ.

ಆದರೆ ಈ ಜೀಪುಗಳಲ್ಲಿ ಒಂದು ದೋಷ ಎಲ್ಲೆಡೆ ಕಾಣುತ್ತದೆ. ಅದೇ ಸ್ಟಿಯರಿಂಗಿನ ಸಡಿಲ. ಹಿಡಿಚಕ್ರವನ್ನು ಮೂರು ನಾಲ್ಕು ಅಂಗುಲ ಅತ್ತಿತ್ತ ತಿರುಗಿಸಿದರೂ ಮುಂದಿನ ಚಕ್ರ ಅಲುಗುವುದಿಲ್ಲ. "ಹಳೆ ಗಾಡಿ, ಹಾಗೆಯೇ ಇರುತ್ತದೆ" ಎಂದು ಅದಕ್ಕೇ ಕೈ ಪಳಗಿಸಿಕೊಂಡವರು ಬಹಳ ಮಂದಿ. ಹಾಗೆ ಇರಬೇಕಾಗಿಲ್ಲ, ಇರಲೂ ಬಾರದು. ತೋಟದೊಳಗೆ ನಿಧಾನವಾಗಿ ಹೋಗುವಾಗ ಇದು ಬರಿಯ ಕಿರಿಕಿರಿ. ಹಿಂದೆ ಆಳುಗಳನ್ನು ಕೂರಿಸಿಕೊಂಡು ಚಾರ್ಮಾಡಿ ಅಥವಾ ಸಂಪಾಜೆ ಘಾಟಿಯ ತಿರುವಿನಲ್ಲಿ ಇಳಿಯುವಾಗ ಇದೇ ಪ್ರಾಣಾಪಾಯ. ಕೊಯ್ಲು ಶುರುವಾಗುವ ಮುಂಚೆ, ಮಳೆ ನಿಂತ ಕೂಡಲೇ, ಒಂದು ದಿನವನ್ನು ಈ ಕೆಲಸಕ್ಕೆ ಮೀಸಲಿಡಬೇಕೆಂದು ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ.

ಸಡಿಲ ಎಲ್ಲಿಂದ ಬರುತ್ತದೆ?

ಮೊದಲು ಸ್ಟಿಯರಿಂಗಿನ ದಾರಿಯನ್ನು ತಿಳಿಯೋಣ. ಹಿಡಿಚಕ್ರದ ಕೋಲು ಸ್ಟಿಯರಿಂಗ್ ಪೆಟ್ಟಿಗೆಗೆ ಇಳಿಯುತ್ತದೆ. ಪೆಟ್ಟಿಗೆಯಿಂದ ಹೊರಬಂದ ಪಿಟ್‌ಮನ್ ತೋಳು ಡ್ರ್ಯಾಗ್ ಲಿಂಕ್ ಎಂಬ ಸರಳನ್ನು ಹಿಂದೆ ಮುಂದೆ ನೂಕುತ್ತದೆ. ಆ ಸರಳು ಚಾಸಿಯ ಮುಂಭಾಗದ ಅಡ್ಡಪಟ್ಟಿಯಲ್ಲಿರುವ ಬೆಲ್ ಕ್ರ್ಯಾಂಕನ್ನು ತಿರುಗಿಸುತ್ತದೆ. ಬೆಲ್ ಕ್ರ್ಯಾಂಕಿನಿಂದ ಎಡಕ್ಕೊಂದು ಬಲಕ್ಕೊಂದು ಟೈ ರಾಡ್ ಹೊರಟು ಚಕ್ರಗಳ ನಕಲ್‌ಗಳನ್ನು ಎಳೆಯುತ್ತವೆ. ನಕಲ್ ತಿರುಗುವುದು ಕಿಂಗ್ ಪಿನ್ ಬೇರಿಂಗುಗಳ ಮೇಲೆ. ಕೊನೆಗೆ ಚಕ್ರದ ಬೇರಿಂಗ್. ನಂತರದ ಕೆಲವು ಮಾದರಿಗಳಲ್ಲಿ ಬೆಲ್ ಕ್ರ್ಯಾಂಕ್ ಇಲ್ಲ. ಆದರೆ ಪರೀಕ್ಷೆಯ ವಿಧಾನ ಅದೇ.

ಈ ದಾರಿಯಲ್ಲಿರುವ ಕೀಲುಗಳನ್ನು ಎಣಿಸಿದರೆ ಹತ್ತಕ್ಕೆ ಮೀರುತ್ತವೆ. ಒಂದೊಂದರಲ್ಲೂ ಕೂದಲೆಳೆಯಷ್ಟು ಸವೆತ ಸೇರಿ ಹಿಡಿಚಕ್ರದಲ್ಲಿ ಅಂಗುಲಗಟ್ಟಲೆ ಆಗುತ್ತದೆ. ಇದನ್ನು ತಿಳಿಯದೆ ಬಹುಮಂದಿ ಮಾಡುವ ಮೊದಲ ಕೆಲಸವೆಂದರೆ ಸ್ಟಿಯರಿಂಗ್ ಪೆಟ್ಟಿಗೆಯ ಪಕ್ಕದ ತಿರುಪನ್ನು ಬಿಗಿ ಮಾಡುವುದು. ಬೇರು ಕೊಳೆತ ಗಿಡದ ಎಲೆಗೆ ಔಷಧಿ ಹೊಡೆದ ಹಾಗೆ ಇದು. ಪೆಟ್ಟಿಗೆಯನ್ನು ಮುಟ್ಟಬೇಕಾದದ್ದು ಕೊನೆಗೆ.

ಇಬ್ಬರು ಮಾಡಬೇಕಾದ ಪರೀಕ್ಷೆ

ಜೀಪನ್ನು ಸಮತಟ್ಟು ಕಣದಲ್ಲಿ ನೇರವಾಗಿ ನಿಲ್ಲಿಸಿ, ಇಂಜಿನ್ ಆರಿಸಿ, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಡಿ. ಕೀಲುಗಳ ಕೆಸರನ್ನೆಲ್ಲ ತೊಳೆದು ಒರೆಸಿ. ಒಬ್ಬರು ಮೇಲೆ ಕುಳಿತು ಹಿಡಿಚಕ್ರವನ್ನು ಸ್ವಲ್ಪ ಸ್ವಲ್ಪವೇ ಎಡಬಲಕ್ಕೆ ಆಡಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಮಲಗಿ, ಪೆಟ್ಟಿಗೆಯಿಂದ ಆರಂಭಿಸಿ ಒಂದೊಂದೇ ಕೀಲನ್ನು ನೋಡುತ್ತ ಬರಲಿ. ಕೀಲಿನ ಒಂದು ಪಕ್ಕ ಅಲುಗಿ ಇನ್ನೊಂದು ಪಕ್ಕ ಅಲುಗದೆ ನಿಂತರೆ ಸಡಿಲ ಅಲ್ಲೇ ಇದೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ಮುಂದಕ್ಕೆ ಹೋಗಿ. ಒಂದು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬಾರದು.

ಈ ಹಂತದಲ್ಲಿ ಮೂರು ಸ್ಥಳಗಳನ್ನು ವಿಶೇಷವಾಗಿ ಗಮನಿಸಬೇಕು. ಪೆಟ್ಟಿಗೆಯನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳು ಸಡಿಲಾಗಿ ಪೆಟ್ಟಿಗೆಯೇ ಅಲುಗುತ್ತಿದೆಯೇ? ಅಲ್ಲಿ ಚಾಸಿಯ ತಗಡು ಬಿರುಕು ಬಿಟ್ಟಿದೆಯೇ? ಬೆಲ್ ಕ್ರ್ಯಾಂಕಿನ ಪಿನ್ ಅಡ್ಡಪಟ್ಟಿಯಲ್ಲಿ ಭದ್ರವಾಗಿದೆಯೇ? ಬಣ್ಣದ ಮೇಲೆ ತುಕ್ಕಿನ ಸಣ್ಣ ಗೆರೆ ಕಂಡರೆ ಅದು ಬಿರುಕು ಎಂದೇ ತಿಳಿದು ಕೆರೆದು ನೋಡಿ.

ಆಮೇಲೆ ಮುಂದಿನ ಆಕ್ಸಲನ್ನು ಜಾಕಿನಿಂದ ಎತ್ತಿ, ಗಟ್ಟಿ ಮರದ ದಿಮ್ಮಿ ಇಲ್ಲವೆ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರಿಯ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಹೋಗಬಾರದು. ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಆಡಿಸಿ. ಆಟ ಇದ್ದರೆ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತಿತೆಂದರೆ ದೋಷ ಚಕ್ರದ ಬೇರಿಂಗಿನಲ್ಲಿದೆ. ಬ್ರೇಕ್ ಹಿಡಿದರೂ ಆಟ ಉಳಿದರೆ ದೋಷ ಕಿಂಗ್ ಪಿನ್ನಿನದು. ಎಡ ಬಲ ಹಿಡಿದು ಆಡಿಸಿದಾಗ ಮಾತ್ರ ಆಟ ಕಂಡರೆ ಟೈ ರಾಡಿನ ತುದಿಗಳನ್ನು ನೋಡಿ.

ಸ್ಪ್ರಿಂಗ್ ಪಟ್ಟಿಗಳನ್ನೂ ಮರೆಯಬಾರದು. ಯು ಬೋಲ್ಟ್ ಸಡಿಲವಾಗಿದ್ದರೆ, ಶ್ಯಾಕಲ್ ಬುಷ್ ಸವೆದಿದ್ದರೆ, ನಡುವಿನ ಬೋಲ್ಟ್ ತುಂಡಾಗಿದ್ದರೆ ಆಕ್ಸಲೇ ಅತ್ತಿತ್ತ ಸರಿಯುತ್ತದೆ. ಕೂತವನಿಗೆ ಅದು ಸ್ಟಿಯರಿಂಗ್ ಸಡಿಲದಂತೆಯೇ ತೋರುತ್ತದೆ.

ದುರಸ್ತಿಯ ಕ್ರಮ

ಕೆಲಸವನ್ನು ನೆಲದಿಂದ ಮೇಲಕ್ಕೆ, ಅಂದರೆ ಚಕ್ರದಿಂದ ಪೆಟ್ಟಿಗೆಯ ಕಡೆಗೆ ಮಾಡತಕ್ಕದ್ದು.

1. ಟೈರಿನ ಗಾಳಿ ಎರಡೂ ಕಡೆ ಸಮವಾಗಿರಲಿ. ಚಕ್ರದ ನಟ್ಟುಗಳನ್ನು ಬಿಗಿ ಮಾಡಿ. ಹಳೆಯ ಜೀಪುಗಳಲ್ಲಿ ಎಡಗಡೆಯ ಚಕ್ರಕ್ಕೆ ಎಡಮರೆಯ ನಟ್ಟು ಇರುವುದುಂಟು. ತಿಳಿಯದೆ ತಿರುಗಿಸಿ ಮರೆ ಕೆಡಿಸಬೇಡಿ.

2. ಚಕ್ರದ ಬೇರಿಂಗನ್ನು ತೊಳೆದು ಹೊಸ ಗ್ರೀಸ್ ತುಂಬಿ. ಒಳಗಿನ ನಟ್ಟನ್ನು ಚಕ್ರ ಬಿಗಿಯುವ ತನಕ ತಿರುಗಿಸಿ, ಸುಮಾರು ಆರನೇ ಒಂದು ಸುತ್ತು ಹಿಂದಕ್ಕೆ ಬಿಟ್ಟು, ವಾಷರ್ ಹಾಕಿ ಹೊರಗಿನ ನಟ್ಟಿನಿಂದ ಭದ್ರಪಡಿಸಿ.

3. ಕಿಂಗ್ ಪಿನ್ನಿನ ಸಡಿಲವನ್ನು ಮುಚ್ಚಳದಡಿಯ ಶಿಮ್ ತಗಡುಗಳನ್ನು ತೆಗೆದು ಸರಿಪಡಿಸಬಹುದು. ಒಮ್ಮೆಗೆ ಒಂದೇ ತೆಳು ಶಿಮ್ ತೆಗೆದು ನೋಡಿ. ಟೈ ರಾಡ್ ಬಿಚ್ಚಿ ನಕಲನ್ನು ಕೈಯಿಂದ ತಿರುಗಿಸಿದಾಗ ಸಣ್ಣ ಬಿಗಿ ಇರಬೇಕು, ಆಟ ಇರಬಾರದು. ಬೇರಿಂಗಿನ ಬಟ್ಟಲಿನಲ್ಲಿ ಗುಳಿ ಬಿದ್ದಿದ್ದರೆ ಶಿಮ್ಮಿನಿಂದ ಪ್ರಯೋಜನವಿಲ್ಲ. ಮೇಲಿನದು ಕೆಳಗಿನದು ಎರಡನ್ನೂ ಬದಲಾಯಿಸಿ. ಹಳ್ಳ ದಾಟುವ ಗಾಡಿಯಾದರೆ ನಕಲಿನ ಹಿಂದಿನ ಎಣ್ಣೆ ಸೀಲನ್ನೂ ಹೊಸದಾಗಿ ಹಾಕಿ. ನೀರು ಒಳಹೋಗುವುದು ಅಲ್ಲಿಂದಲೇ.

4. ಟೈ ರಾಡಿನ ತುದಿ ಸವೆದಿದ್ದರೆ ಅದಕ್ಕೆ ಮದ್ದಿಲ್ಲ. ಬದಲಾಯಿಸಬೇಕು.

5. ಬೆಲ್ ಕ್ರ್ಯಾಂಕ್ ಈ ಜೀಪುಗಳ ಬಲಹೀನ ಸ್ಥಳ. ಕೆಸರೆಲ್ಲ ಸಿಡಿಯುವುದು ಅದರ ಮೇಲೆಯೇ. ಪಿನ್ ಮತ್ತು ಬುಷ್, ಇಲ್ಲವೆ ಸೂಜಿ ಬೇರಿಂಗ್, ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಸವೆದ ಪಿನ್ನಿಗೆ ಹೊಸ ಬುಷ್ ಹಾಕಿದರೆ ಒಂದು ಮಳೆಗಾಲವೂ ಬಾಳದು.

6. ಡ್ರ್ಯಾಗ್ ಲಿಂಕಿನ ಎರಡು ತುದಿಗಳಲ್ಲಿ ಗುಂಡು, ಬಟ್ಟಲು, ಸ್ಪ್ರಿಂಗ್ ಮತ್ತು ತಿರುಪಿನ ಬಿರಟೆ ಇರುತ್ತವೆ. ಬಿರಟೆಯನ್ನು ಗುಂಡಿಗೆ ತಾಗುವ ತನಕ ಬಿಗಿಸಿ, ಬೆಲ್ ಕ್ರ್ಯಾಂಕಿನ ತುದಿಯಲ್ಲಿ ಅರ್ಧ ಸುತ್ತು, ಪಿಟ್‌ಮನ್ ತೋಳಿನ ತುದಿಯಲ್ಲಿ ಒಂದು ಸುತ್ತು ಹಿಂದಕ್ಕೆ ಬಿಡಿ. ಸೀಳು ಪಿನ್ ಹೊಸದನ್ನೇ ಹಾಕಿ. ಹಳೆ ತಂತಿಯ ತುಂಡನ್ನು ಸಿಕ್ಕಿಸುವ ಅಭ್ಯಾಸ ಬಿಡಬೇಕು.

7. ಇಷ್ಟಾದ ಮೇಲೂ ಸಡಿಲ ಉಳಿದರೆ ಆಗ ಪೆಟ್ಟಿಗೆ. ಡ್ರ್ಯಾಗ್ ಲಿಂಕನ್ನು ಬಿಚ್ಚಿ, ಮೊದಲು ಕೋಲಿನ ಮೇಲೆ ಕೆಳಗಿನ ಆಟವನ್ನು ಶಿಮ್ಮಿನಿಂದ ತೆಗೆಯಿರಿ. ಅನಂತರ ಪೆಟ್ಟಿಗೆಯನ್ನು ನೇರ ಸ್ಥಿತಿಗೆ ತಂದು ಪಕ್ಕದ ತಿರುಪನ್ನು ಬಿಗಿಸಿ. ನಡು ಭಾಗವನ್ನು ದಾಟುವಾಗ ಮಾತ್ರ ಕೈಗೆ ಸಣ್ಣ ಬಿಗಿ ತಿಳಿಯಬೇಕು. ಈ ಪೆಟ್ಟಿಗೆಯ ಸುರುಳಿಯನ್ನು ನಡುವಿನಲ್ಲಿ ಬಿಗಿಯಾಗಿಯೂ ಎರಡು ಕೊನೆಗಳಲ್ಲಿ ಸಡಿಲವಾಗಿಯೂ ಕೊರೆದಿರುತ್ತಾರೆ. ಆದ್ದರಿಂದ ಚಕ್ರ ಪೂರ್ತಿ ತಿರುಗಿದಾಗ ಆಟ ಕಾಣುವುದು ಸಹಜ. ಅದನ್ನು ಹೋಗಲಾಡಿಸಲೆಂದು ಬಿಗಿ ಮಾಡಿದರೆ ನೇರದಲ್ಲಿ ಸ್ಟಿಯರಿಂಗ್ ಹಿಡಿದುಕೊಳ್ಳುತ್ತದೆ. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರವಾಗದು. ಘಾಟಿಯಲ್ಲಿ ಇದು ಸಡಿಲಕ್ಕಿಂತ ಕೆಟ್ಟದ್ದು.

ಪೆಟ್ಟಿಗೆಗೆ ಗೇರ್ ಎಣ್ಣೆಯನ್ನೇ ಹಾಕಿ. ಸೋರುತ್ತದೆಂದು ಗ್ರೀಸ್ ತುಂಬಿದರೆ ಸುರುಳಿ ಅದನ್ನು ಪಕ್ಕಕ್ಕೆ ತಳ್ಳಿ ತಾನು ಒಣಗಿಯೇ ತಿರುಗುತ್ತದೆ. ಸೋರುವುದಕ್ಕೆ ಹೊಸ ಸೀಲ್ ಹಾಕುವುದೇ ಪರಿಹಾರ.

8. ಕೊನೆಗೆ ಚಕ್ರಗಳ ನೇರ. ಎರಡೂ ಮುಂದಿನ ಟೈರುಗಳ ನಡುಗೆರೆಗೆ ಸೀಮೆಸುಣ್ಣದ ಗುರುತು ಹಾಕಿ, ಆಕ್ಸಲಿನ ಎತ್ತರದಲ್ಲಿ ಗುರುತುಗಳ ನಡುವಿನ ಅಂತರವನ್ನು ಮುಂದೆ ಅಳೆಯಿರಿ. ಗಾಡಿಯನ್ನು ಮುಂದಕ್ಕೆ ತಳ್ಳಿ ಅದೇ ಗುರುತುಗಳನ್ನು ಹಿಂದಕ್ಕೆ ತಂದು ಪುನಃ ಅಳೆಯಿರಿ. ಹಿಂದಿನ ಅಳತೆಗಿಂತ ಮುಂದಿನದು 3/64ರಿಂದ 3/32 ಅಂಗುಲ, ಎಂದರೆ ಸುಮಾರು 1.2ರಿಂದ 2.4 ಮಿ.ಮೀ., ಕಡಿಮೆ ಇರಬೇಕು. ಟೈ ರಾಡನ್ನು ತಿರುಗಿಸಿ ಇದನ್ನು ಹೊಂದಿಸಬಹುದು.

ಬೆಸುಗೆ ಬೇಡ

ತುಂಡಾದ ಗೇಟು, ಪಲ್ಪರಿನ ಕಾಲು ಎಲ್ಲಕ್ಕೂ ಬೆಸುಗೆ ಹಾಕಿಸುವುದು ನಮಗೆ ರೂಢಿ. ಸ್ಟಿಯರಿಂಗಿನ ತೋಳು, ಟೈ ರಾಡ್, ಗುಂಡಿನ ಕೀಲು ಇವುಗಳಿಗೆ ಮಾತ್ರ ಬೆಸುಗೆ ಕೂಡದು, ಕಾಯಿಸಿ ನೇರ ಮಾಡುವುದೂ ಕೂಡದು. ಇವು ಬಡಿದು, ಹದಗೊಳಿಸಿದ ಉಕ್ಕಿನ ಭಾಗಗಳು. ಬೆಸುಗೆಯ ಕಾವಿನಿಂದ ಆ ಹದ ಕೆಟ್ಟು, ಬೆಸುಗೆಯ ಪಕ್ಕದ ಉಕ್ಕು ಪೆಡಸಾಗುತ್ತದೆ. ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತದೆ, ಆದರೆ ಒಂದು ದಿನ ಮುನ್ಸೂಚನೆಯಿಲ್ಲದೆ ತುಂಡಾಗುತ್ತದೆ. ಬ್ರೇಕ್ ಹೋದರೆ ಗೇರು, ಕೈಬ್ರೇಕು ಉಂಟು. ಸ್ಟಿಯರಿಂಗ್ ತುಂಡಾದರೆ ಚಾಲಕನ ಕೈಯಲ್ಲಿ ಬರಿಯ ಹಿಡಿಚಕ್ರ ಉಳಿಯುತ್ತದೆ. ಬಿಡಿಭಾಗ ಸಿಗುವ ತನಕ ಜೀಪು ಕೊಟ್ಟಿಗೆಯಲ್ಲಿ ನಿಲ್ಲಲಿ, ನಾಲ್ಕು ದಿನ ಬಾಡಿಗೆ ಗಾಡಿಯಲ್ಲಿ ಮೂಟೆ ಹೋಗಲಿ.

ಬಿಡಿಭಾಗ ಹುಡುಕುವ ರೀತಿ

"ಹಳೆ ಜೀಪಿನದು ಈಗ ಬರುವುದಿಲ್ಲ" ಎಂಬ ಉತ್ತರ ಕೇಳಿ ಹಿಂತಿರುಗಿದವರು ಅನೇಕರು. ಹೆಸರಿನಿಂದ ಕೇಳಿದರೆ ಹಾಗೆಯೇ ಆಗುತ್ತದೆ. ನಂಬರಿನಿಂದ ಮತ್ತು ಅಳತೆಯಿಂದ ಕೇಳಬೇಕು.

ಬೇರಿಂಗುಗಳು ಜೀಪಿಗೆಂದೇ ಮಾಡಿದವಲ್ಲ. ಲೋಕಕ್ಕೆಲ್ಲ ಒಂದೇ ನಂಬರು. ವಿಲ್ಲಿಸ್ ಮಾದರಿಯ ಮುಂದಿನ ಆಕ್ಸಲಿನಲ್ಲಿ ಕಿಂಗ್ ಪಿನ್ ಬೇರಿಂಗಿನ ನಂಬರು 11590, ಅದರ ಬಟ್ಟಲು 11520. ಚಕ್ರದ ಬೇರಿಂಗ್ 18590, ಬಟ್ಟಲು 18520. ಜೀಪಿನ ಅಂಗಡಿಯಲ್ಲಿ ಇಲ್ಲವೆಂದರೂ ದೊಡ್ಡ ಬೇರಿಂಗ್ ಅಂಗಡಿಯಲ್ಲಿ ಈ ನಂಬರು ಹೇಳಿ ವಿಚಾರಿಸಿ. ಆದರೆ ಎಷ್ಟೋ ಗಾಡಿಗಳಿಗೆ ಬೇರೆ ಆಕ್ಸಲ್ ಕೂರಿಸಿರುತ್ತಾರೆ. ಆದ್ದರಿಂದ ನಿಮ್ಮ ಹಳೆ ಬೇರಿಂಗಿನ ಮೇಲೆ ಕೆತ್ತಿರುವುದನ್ನು ಓದಿಕೊಂಡೇ ಕೊಳ್ಳಿ. ಸೀಲಿಗೆ ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಳತೆ ಸಾಕು.

ಉಳಿದ ಭಾಗಗಳಿಗೆ ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆ, ದೆಹಲಿಯ ಕಾಶ್ಮೀರಿ ಗೇಟ್ ಮೋಟಾರು ಬಿಡಿಭಾಗಗಳ ಹೆಸರುವಾಸಿ ಪೇಟೆಗಳು. ಚೆನ್ನೈನ ಪುದುಪೇಟೆಯಲ್ಲಿ ಬಿಚ್ಚಿದ ಗಾಡಿಗಳ ಭಾಗ ಸಿಗುತ್ತವೆ. ಹೊಸ ಟೈ ರಾಡ್ ತುದಿಯ ಗುಂಡು ಕೈಗೆ ಬಿಗಿಯಾಗಿ ತಿರುಗಬೇಕು, ಗಡಗಡ ಎನ್ನಬಾರದು. ಅದರ ಮೊನೆಗೆ ದೀಪದ ಮಸಿ ಸವರಿ ನಕಲಿನ ತೂತಿಗೆ ಕೂರಿಸಿ ತೆಗೆಯಿರಿ. ಮಸಿ ಸುತ್ತಲೂ ಸಮವಾಗಿ ಅಳಿಸಿದ್ದರೆ ಮಾತ್ರ ಅದು ಸರಿಯಾದ ಭಾಗ.

ಬಳಸಿದ ಟೈ ರಾಡ್ ತುದಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಬಳಸಿದ ತೋಳು ಕೊಳ್ಳಲೇಬೇಕಾದರೆ ಸೀಮೆಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಬಿರುಕಿದ್ದರೆ ಎಣ್ಣೆ ಹೊರಬಂದು ಪುಡಿಯ ಮೇಲೆ ಗೆರೆ ಮೂಡುತ್ತದೆ. ಬುಷ್ ಮತ್ತು ಶಿಮ್ಮುಗಳನ್ನು ಲೇತ್ ಕೆಲಸದವರಿಂದ ಮಾಡಿಸಬಹುದು. ಗುಂಡಿನ ಕೀಲನ್ನು ಮಾಡಿಸಬಾರದು.

ಒಂದು ಊರಿನಲ್ಲಿ ಐದಾರು ಜೀಪುಗಳಿದ್ದರೆ ಬೇಕಾದ ಭಾಗಗಳ ಪಟ್ಟಿ ಮಾಡಿ ಒಬ್ಬರೇ ಪೇಟೆಗೆ ಹೋಗಿ ಬರುವುದು ಲೇಸು. ಬಸ್ಸಿನ ಖರ್ಚೂ ಉಳಿಯುತ್ತದೆ, ಚೌಕಾಶಿಗೂ ಅನುಕೂಲ.

ಕಾಗದಪತ್ರದ ಒಂದು ಮಾತು

ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2021ರಲ್ಲಿ ಕೇಂದ್ರ ಸರ್ಕಾರವು 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಗೌರವದ ಮಾತೆಂದು ಅವಸರಪಡಬೇಡಿ. ಆ ನೋಂದಣಿ ಪ್ರದರ್ಶನ, ರ‍್ಯಾಲಿ ಮುಂತಾದ ಬಳಕೆಗೆ ಮೀಸಲು. ದಿನನಿತ್ಯದ ಓಡಾಟಕ್ಕೆ ಅದರಲ್ಲಿ ಅವಕಾಶವಿಲ್ಲ. ದುಡಿಯುವ ಜೀಪಿಗೆ ಸಾಮಾನ್ಯ ನೋಂದಣಿಯೇ ಸರಿ.

ನೆನಪಿನಲ್ಲಿಡಿ

ಸ್ಟಿಯರಿಂಗಿನ ಕೀಲುಗಳಿಗೆ ಪ್ರತಿ 1,000 ಮೈಲಿಗೆ ಗ್ರೀಸ್ ಹೊಡೆಯುವುದು ಮೂಲ ಪದ್ಧತಿ. ನಮ್ಮ ಕೆಸರಿಗೆ ಅದು ಸಾಲದು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಹಳೆಯ ಕೆಸರುಗ್ರೀಸ್ ಹೊರಬರುವ ತನಕ ಹೊಡೆಯಿರಿ. ಯಾವ ಭಾಗವನ್ನು ಯಾವಾಗ ಹಾಕಿದಿರಿ, ಅದರ ನಂಬರೇನು ಎಂಬುದನ್ನು ತೋಟದ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಮುಂದಿನ ಸಲ ಅಂಗಡಿಗೆ ಹೋಗುವವರು ಮಗನಾಗಲಿ, ಚಾಲಕನಾಗಲಿ, ಆ ಹಾಳೆಯೊಂದಿದ್ದರೆ ಸಾಕು.