ಹೆಸರಿಲ್ಲದ ಪ್ರಕಾಶನಕ್ಕೆ ಮುಖಪುಟವೇ ಜಾಮೀನು

ಲೇಖಕರೇ ಪ್ರಕಾಶಕರಾಗುವುದು ಕನ್ನಡಕ್ಕೆ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದ್ದು ಎಲ್ಲರೂ ಕೇಳಿದ ಕತೆ. ಕುವೆಂಪು ಅವರ ಅನೇಕ ಕೃತಿಗಳು ಉದಯರವಿ ಪ್ರಕಾಶನದಿಂದ ಬಂದವು, ತೇಜಸ್ವಿಯವರವು ಪುಸ್ತಕ ಪ್ರಕಾಶನದಿಂದ, ಎರಡೂ ಮನೆಯವೇ. ಆದರೆ ಗಳಗನಾಥರ ಪುಸ್ತಕದ ಜೊತೆ ಸ್ವತಃ ಗಳಗನಾಥರಿರುತ್ತಿದ್ದರು. ಕುವೆಂಪು ಎಂಬ ಹೆಸರಿಗೆ ಬೇರೆ ಶಿಫಾರಸು ಬೇಕಿರಲಿಲ್ಲ. ಇವತ್ತು ಮೊದಲ ಕಥಾಸಂಕಲನವನ್ನು ಮುನ್ನೂರು ಪ್ರತಿ ಹಾಕಿಸಿ ಅಂಗಡಿಗೆ ಕೊಟ್ಟು ಬಂದವರ ಪರವಾಗಿ ಅಲ್ಲಿ ಮಾತಾಡುವವರು ಯಾರೂ ಇಲ್ಲ. ಮನೋಹರ ಗ್ರಂಥಮಾಲೆ ಎಂದೋ ಅಕ್ಷರ ಪ್ರಕಾಶನ ಎಂದೋ ಇದ್ದರೆ, ಲೇಖಕರು ಯಾರೆಂದು ಗೊತ್ತಿಲ್ಲದಿದ್ದರೂ ಓದುಗರು ನಾಲ್ಕು ಪುಟ ತಿರುವುತ್ತಾರೆ. ಮಗಳ ಹೆಸರಲ್ಲೋ ಮನೆದೇವರ ಹೆಸರಲ್ಲೋ ನಿನ್ನೆ ಹುಟ್ಟಿದ ಪ್ರಕಾಶನಕ್ಕೆ ಆ ಅನುಕೂಲವಿಲ್ಲ. ಇಂಥವರಿಗೆ ಮುಖಪುಟ ಮಾಡಿಕೊಡುವುದು ನನ್ನ ಕೆಲಸ. ಈ ಕೆಲಸ ಕಲಿಸಿದ ಕೆಲವು ಪಾಠಗಳು ಇಲ್ಲಿವೆ.

1. ಕೆಟ್ಟ ಮುಖಪುಟಕ್ಕೂ ಅಷ್ಟೇ ಖರ್ಚು

ಬಜೆಟ್ ಇಲ್ಲ ಸಾರ್ ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. 300 ಜಿಎಸ್‌ಎಂ ಆರ್ಟ್ ಬೋರ್ಡು, ನಾಲ್ಕು ಬಣ್ಣದ ಪ್ಲೇಟು, ಲ್ಯಾಮಿನೇಷನ್ನು, ಪರ್ಫೆಕ್ಟ್ ಬೈಂಡಿಂಗು: ವಿನ್ಯಾಸ ಹೇಗೇ ಇರಲಿ, ಪ್ರೆಸ್ಸಿನವರ ಬಿಲ್ಲು ಬದಲಾಗುವುದಿಲ್ಲ. ಉಳಿಸುವುದು ವಿನ್ಯಾಸಕಾರರ ಸಂಭಾವನೆಯೊಂದನ್ನು ಮಾತ್ರ. ಬಿಡುಗಡೆ ಸಮಾರಂಭದ ಹಾರ, ಶಾಲು, ಫ್ಲೆಕ್ಸಿಗೆ ಕೊಡುವ ದುಡ್ಡನ್ನು ಯಾರೂ ದಂಡ ಎನ್ನುವುದಿಲ್ಲ, ಇದನ್ನು ಎನ್ನುತ್ತಾರೆ.

ಈ ಉದಾಸೀನಕ್ಕೆ ಒಂದು ಹಿನ್ನೆಲೆಯೂ ಇದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನೆಚ್ಚಿ ಪುಸ್ತಕ ಹಾಕಿದವರಿಗೆ ದರ ಸಿಗುವುದು ಪುಟದ ಲೆಕ್ಕದಲ್ಲಿ. ಅಲ್ಲಿ ಮುಖಪುಟ ಚೆಂದವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಓದುಗರ ಕೈಗೆ ನೇರ ಹೋಗಬೇಕಾದ ಪುಸ್ತಕಕ್ಕೆ ಆ ಲೆಕ್ಕ ಹಾಕಬಾರದು.

2. ಅಕ್ಷರ ಮೊದಲು, ಚಿತ್ರ ಆಮೇಲೆ

ಲೇಖಕರು ಚಿತ್ರದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಪುಸ್ತಕದ ಹೆಸರನ್ನು ಮಾತ್ರ ‘ಯಾವುದಾದರೂ ದಪ್ಪ ಅಕ್ಷರದಲ್ಲಿ ಹಾಕಿಬಿಡಿ’ ಎನ್ನುತ್ತಾರೆ. ನನ್ನ ಪ್ರಕಾರ ಕನ್ನಡದ ಮುಖಪುಟಗಳು ಸೋಲುವುದು ಬಹುಪಾಲು ಇಲ್ಲೇ.

‘ಮುತ್ತಜ್ಜಿಯ ಕೀಲಿಕೈ’ ಎಂಬ ಹೆಸರಿದೆ ಎಂದಿಟ್ಟುಕೊಳ್ಳಿ. ಎರಡು ಸಾಲು ಮಾಡಿದಿರಿ. ಮೇಲಿನ ಸಾಲಿನ ತ ಒತ್ತು, ಜ ಒತ್ತು ಕೆಳಕ್ಕೆ ಇಳಿಯುತ್ತವೆ. ಕೆಳಗಿನ ಸಾಲಿನಲ್ಲಿ ‘ಕೀ’ಯ ಗುಡಿಸು, ‘ಲಿ’ಯ ಗುಡಿಸು ಮೇಲಕ್ಕೆ ಏಳುತ್ತವೆ. ಸಾಲುಗಳ ನಡುವಿನ ಜಾಗವನ್ನು ಇಂಗ್ಲಿಷಿನ ಅಳತೆಗೆ ಬಿಟ್ಟಿದ್ದರೆ ಇವು ಒಂದಕ್ಕೊಂದು ತಾಗುತ್ತವೆ. ಹಾಗಂತ ಸಾಲು ದೂರ ಮಾಡಿದರೆ ಹೆಸರು ಒಡೆದು ಎರಡು ಬೇರೆ ಮಾತಾಗುತ್ತದೆ. ‘ಕೈ’ ಅಡಿಯಲ್ಲಿ ಇನ್ನೊಂದು ಕೊಕ್ಕೆ ಇಳಿದು, ಅದರ ಕೆಳಗೆ ಲೇಖಕರ ಹೆಸರು ಎಲ್ಲಿ ಕೂರಬೇಕು ಎಂಬುದನ್ನೂ ಅದೇ ತೀರ್ಮಾನಿಸುತ್ತದೆ. ಕೆಳಗಿನ ಸಾಲನ್ನು ಒಂದಿಷ್ಟು ಬಲಕ್ಕೆ ಸರಿಸಿ, ಒತ್ತು ಇಳಿಯುವ ಕಡೆ ಕೆಳಗೆ ಖಾಲಿ ಜಾಗ ಬರುವಂತೆ ನೋಡಿದರೆ ಎರಡೂ ಸಾಲು ಹಲ್ಲಿಗೆ ಹಲ್ಲು ಕೂಡಿದ ಹಾಗೆ ಕೂರುತ್ತವೆ. ಇದಕ್ಕೆ ಸೂತ್ರವಿಲ್ಲ. ಪ್ರತಿ ಹೆಸರಿಗೂ ಮೊದಲಿಂದ ಕೂತು ನೋಡಬೇಕು. ಡಿಟಿಪಿ ಬರುವ ಮುಂಚೆ ಕಲಾವಿದರು ಹೆಸರನ್ನು ಕೈಯಲ್ಲೇ ಬರೆಯುತ್ತಿದ್ದರಿಂದ ಈ ಹೊಂದಾಣಿಕೆ ತಾನಾಗಿ ಆಗುತ್ತಿತ್ತು. ಈಗಲೂ ಚೆನ್ನಾಗಿ ಬರೆಯುವವರು ಸಿಕ್ಕರೆ ಬಿಡಬೇಡಿ. ಹೆಸರೊಂದೇ ಇಡೀ ಮುಖಪುಟವನ್ನು ಹೊತ್ತು ನಿಲ್ಲಬಲ್ಲದು.

ಫಾಂಟೇ ಬಳಸುವುದಾದರೂ ಈಗ ಬಡತನವಿಲ್ಲ. ಬಾಲೂ ತಮ್ಮ, ಅನೇಕ್ ಕನ್ನಡ, ಟಿರೊ ಕನ್ನಡ, ಅಕಾಯ ಕನ್ನಡಕ ಎಲ್ಲವೂ ಉಚಿತ. ಆದರೆ ದುಂಡಗೆ ಉಬ್ಬಿದ ಬಾಲೂ ಮಕ್ಕಳ ಪದ್ಯಗಳಿಗೆ ಎಷ್ಟು ಒಪ್ಪುತ್ತದೋ ಸಾವಿನ ಮನೆಯ ಕತೆಗೆ ಅಷ್ಟೇ ಒಪ್ಪುವುದಿಲ್ಲ. ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡ ಒಡೆದು ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಟೈಪ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಆಯ್ದುಕೊಳ್ಳಿ. ಅರ್ಕಾವೊತ್ತು ತಪ್ಪಿದ ಹೆಸರಿನೊಂದಿಗೆ ಅಚ್ಚಾದ ಪುಸ್ತಕಗಳು ಸಮ್ಮೇಳನದ ಮಳಿಗೆಗಳಲ್ಲಿ ಇನ್ನೂ ಕಣ್ಣಿಗೆ ಬೀಳುತ್ತವೆ.

3. ಹನ್ನೆರಡು ಕತೆಗೆ ಹನ್ನೆರಡು ಚಿತ್ರ ಬೇಡ

‘ಸಾರ್, ಒಂದು ಕತೆಯಲ್ಲಿ ಬಾವಿ ಬರುತ್ತೆ, ಇನ್ನೊಂದರಲ್ಲಿ ರೈಲು, ಆಮೇಲೆ ನಮ್ಮ ಊರಿನ ಅರಳಿಮರ ಬರಲೇಬೇಕು.’ ಬರಲೇಬೇಕಾದದ್ದು ಒಂದೇ. ಉಳಿದದ್ದನ್ನು ಓದುಗರು ಒಳಗೆ ಓದಿಕೊಳ್ಳಲಿ. ಇದರ ಇನ್ನೊಂದು ತುದಿ, ಯಾವ ಪುಸ್ತಕಕ್ಕೂ ಹೊಂದುವ ಚಿತ್ರ. ಮುಳುಗುವ ಸೂರ್ಯ, ಒಣಮರ, ನವಿಲುಗರಿ, ಶಾಯಿಕುಡಿಕೆ ಕಂಡರೆ ಕವನಸಂಕಲನ ಎಂದು ಗೊತ್ತಾಗುತ್ತದೆ, ಯಾರ ಸಂಕಲನ ಎಂದು ಗೊತ್ತಾಗುವುದಿಲ್ಲ. ನಾನು ಹಸ್ತಪ್ರತಿ ಓದದೆ ಕೆಲಸ ಶುರು ಮಾಡದಿರುವುದು ಇದಕ್ಕೇ. ಸಾರಾಂಶ ಕಳಿಸುತ್ತೇನೆ ಎನ್ನುವವರಿಗೆ ಕತೆಯನ್ನೇ ಕಳಿಸಿ ಎನ್ನುತ್ತೇನೆ.

4. ಮೊದಲ ಓದುಗರು ಫೋನಿನಲ್ಲಿದ್ದಾರೆ

ಮುಖಪುಟ ಈಗ ಮೊದಲು ಕಾಣುವುದು ವಾಟ್ಸಾಪಿನಲ್ಲಿ, ಫೇಸ್‌ಬುಕ್ಕಿನ ‘ಮುಖಪುಟ ಅನಾವರಣ’ದಲ್ಲಿ, ಮೈಲ್ಯಾಂಗಿನಂಥ ಆ್ಯಪಿನಲ್ಲಿ. ಅಲ್ಲಿ ಅದು ಉಗುರಿನಗಲ. ಕರಡನ್ನು ಆ ಅಳತೆಗೆ ಇಳಿಸಿ, ಕನ್ನಡಕ ತೆಗೆದಿಟ್ಟು ನೋಡಿ. ಹೆಸರು ಓದಲಾಗದಿದ್ದರೆ ವಾಪಸ್.

5. ಬೆನ್ನಿನ ಲೆಕ್ಕ ಕೊನೆಗೆ

ಅಂಗಡಿಯಲ್ಲಿ ಮುಖ ಮಾಡಿ ನಿಲ್ಲುವ ಅದೃಷ್ಟ ಕೆಲವೇ ಪುಸ್ತಕಗಳಿಗೆ. ಉಳಿದವು ಬೆನ್ನು ತೋರಿಸುತ್ತವೆ. ಡೆಮಿ 1/8 ಅಳತೆಯ, 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದದ 200 ಪುಟದ ಪುಸ್ತಕವೆಂದರೆ 100 ಹಾಳೆ. ಬೆನ್ನಿಗೆ ಸಿಗುವುದು ಸುಮಾರು 9 ಮಿಲಿಮೀಟರು. ಒತ್ತಕ್ಷರವಿರುವ ಹೆಸರಿಗೆ ಮೇಲೆ ಕೆಳಗೆ ಜಾಗ ಬಿಟ್ಟರೆ ಉಳಿಯುವುದು ಬಹಳ ಕಮ್ಮಿ. ಆದ್ದರಿಂದ ಅಲಂಕಾರವಿಲ್ಲದ, ಗೆರೆ ತೆಳುವಾಗದ ಅಕ್ಷರ ಬೇಕು.

ಇಲ್ಲಿ ನಮ್ಮವರಿಗಷ್ಟೇ ಇರುವ ಒಂದು ತಾಪತ್ರಯ ಹೇಳಬೇಕು. ಮುನ್ನುಡಿ. ಹಿರಿಯರೊಬ್ಬರು ಒಪ್ಪಿಕೊಂಡಿರುತ್ತಾರೆ, ಕೇಳಲು ಸಂಕೋಚ, ಪ್ರೆಸ್ಸಿಗೆ ಹೋಗುವ ವಾರ ಹನ್ನೆರಡು ಪುಟ ಬರುತ್ತದೆ. ಅದರ ಹಿಂದೆಯೇ ಲೇಖಕರ ಮಾತಿಗೆ ನಾಲ್ಕು ಪುಟ ಕೃತಜ್ಞತೆ ಸೇರುತ್ತದೆ. ನಡುವೆ ಪ್ರೆಸ್ಸಿನವರು ಸ್ಟಾಕಿಲ್ಲವೆಂದು 80 ಜಿಎಸ್‌ಎಂ ಕಾಗದಕ್ಕೆ ಹೋಗುತ್ತಾರೆ. ಬೆನ್ನು ದಪ್ಪವಾಗಿ, ಬೆನ್ನಿನ ಮೇಲಿದ್ದ ಹೆಸರು ಒಂದು ಪಕ್ಕಕ್ಕೆ ಸರಿಯುತ್ತದೆ. ಪುಟ ಮತ್ತು ಕಾಗದ ಎರಡೂ ಖಚಿತವಾಗುವವರೆಗೆ ನಾನು ಬೆನ್ನು ಮುಟ್ಟುವುದಿಲ್ಲ. ತೆಳು ಸಂಕಲನಗಳಿಗೆ ಬೆನ್ನಿನಲ್ಲಿ ಹೆಸರು ಹಾಕುವ ಆಸೆಯನ್ನೇ ಬಿಡುವುದು ಮೇಲು.

6. ಬೆನ್ನುಡಿ ಓದುವಂತಿರಲಿ

ಪುಸ್ತಕ ಕೈಗೆತ್ತಿಕೊಂಡವರು ಮರುಕ್ಷಣ ತಿರುಗಿಸುತ್ತಾರೆ. ಹಿಂದೆ ಏನಿರುತ್ತದೆ? ಕೋಟು ತೊಟ್ಟ ಲೇಖಕರ ಭಾವಚಿತ್ರ, ಬಂದ ಪ್ರಶಸ್ತಿಗಳ ಪಟ್ಟಿ, ಚಿತ್ರದ ಮೇಲೆಯೇ ಬಿಳಿ ಅಕ್ಷರದಲ್ಲಿ ಅಂಚಿನಿಂದ ಅಂಚಿಗೆ ತುಂಬಿದ ಹೊಗಳಿಕೆ. ಎಂಬತ್ತು ಪದ ಸಾಕು, ಅದೂ ಪುಸ್ತಕದ ಬಗ್ಗೆ. ಐಎಸ್‌ಬಿಎನ್‌ನ ಬಾರ್‌ಕೋಡಿಗೆ ಮೊದಲೇ ಬಿಳಿ ಜಾಗ ಬಿಡಿ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಲೇಖಕ-ಪ್ರಕಾಶಕರಿಗೂ ಉಚಿತವಾಗಿ ಸಂಖ್ಯೆ ಕೊಡುತ್ತದೆ. ಅದನ್ನು ಮೊದಲೇ ಪಡೆದುಕೊಂಡರೆ, ಕೊನೆಗಳಿಗೆಯಲ್ಲಿ ಬಾರ್‌ಕೋಡು ಬಂದು ಲೇಖಕರ ಮುಖದ ಮೇಲೆ ಕೂರುವುದನ್ನು ತಪ್ಪಿಸಬಹುದು.

7. ಪರದೆಯ ಬಣ್ಣ ಕಾಗದಕ್ಕೆ ಇಳಿಯುವುದಿಲ್ಲ

ಫೋನಿನಲ್ಲಿ ಹೊಳೆಯುವ ನೀಲಿ ಅಚ್ಚಿನಲ್ಲಿ ನೇರಳೆಗೆ ತಿರುಗುತ್ತದೆ, ಎಳೆ ಹಸಿರು ಮಂಕಾಗುತ್ತದೆ. ಮ್ಯಾಟ್ ಲ್ಯಾಮಿನೇಷನ್ ಹಾಕಿದ ಮೇಲೆ ಎಲ್ಲವೂ ಇನ್ನೊಂದು ಪಟ್ಟು ತಣ್ಣಗಾಗುತ್ತವೆ. ಫೈಲು ಸಿಎಂವೈಕೆಯಲ್ಲಿರಲಿ, ಸುತ್ತ 3 ಮಿಲಿಮೀಟರ್ ಬ್ಲೀಡ್ ಇರಲಿ, ಒಂದು ಪ್ರೂಫನ್ನು ಕೈಯಲ್ಲಿ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ಅಚ್ಚ ಕಪ್ಪು ಮ್ಯಾಟ್ ಮುಖಪುಟ ಬಿಡುಗಡೆಯ ದಿನ ಬಲು ಗಂಭೀರವಾಗಿ ಕಾಣುತ್ತದೆ. ಸಮ್ಮೇಳನದ ಧೂಳಿನಲ್ಲಿ ಹತ್ತು ಜನ ಮುಟ್ಟಿದ ಮೇಲೆ ಬೆರಳಗುರುತು, ಗೀರು ಎಲ್ಲ ಎದ್ದು ಕಾಣಿಸಿ ಹಳೇ ಪುಸ್ತಕದಂತಾಗುತ್ತದೆ.

8. ಚಿತ್ರ ಯಾರದು ಎಂದು ಕೇಳಿ

ಗೂಗಲ್ಲಿನಲ್ಲಿ ಸಿಕ್ಕಿದ್ದೆಲ್ಲ ಊರ ಗೋಮಾಳವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಮುನ್ನೂರು ಪ್ರತಿಯ ಪುಸ್ತಕಕ್ಕೂ ಅನ್ವಯಿಸುತ್ತದೆ. ಕಲಾವಿದರಿಂದ ಅನುಮತಿಯನ್ನು ಒಂದು ಇಮೇಲಿನಲ್ಲಾದರೂ ಬರೆಸಿಕೊಳ್ಳಿ, ಅವರ ಹೆಸರನ್ನು ಇಂಪ್ರಿಂಟ್ ಪುಟದಲ್ಲಿ ಹಾಕಿ. ಕನ್ನಡ ಪುಸ್ತಕ ಪ್ರಾಧಿಕಾರ ಪುಸ್ತಕ ಸೊಗಸು ಬಹುಮಾನದಲ್ಲಿ ಮುಖಪುಟ ಕಲಾವಿದರನ್ನೂ ಗುರುತಿಸುತ್ತದೆ. ಹೆಸರೇ ಇಲ್ಲದಿದ್ದರೆ ಯಾರನ್ನು ಗುರುತಿಸುವುದು?

ಈಚೆಗೆ ಎಐ ಚಿತ್ರ ಕಳಿಸಿ ಇದನ್ನೇ ಹಾಕಿ ಎನ್ನುವವರು ಹೆಚ್ಚಿದ್ದಾರೆ. ಮಲೆನಾಡಿನ ಮನೆ ಕೇಳಿದರೆ ಹೊಗೆಗೂಡಿರುವ ಇಂಗ್ಲಿಷ್ ಕಾಟೇಜಿನ ಮೇಲೆ ಹೆಂಚು ಹೊದಿಸಿ ಕೊಡುತ್ತದೆ. ಅಂಗಡಿಯ ಬೋರ್ಡಿನಲ್ಲಿ ಕನ್ನಡದಂತೆ ಕಾಣುವ, ಕನ್ನಡವಲ್ಲದ ಅಕ್ಷರ. ಆ ಊರಲ್ಲಿ ಹುಟ್ಟಿ ಬೆಳೆದ ಓದುಗರಿಗೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಒಳಗಿನ ಕತೆಯನ್ನೂ ಅನುಮಾನದಿಂದಲೇ ತೆರೆಯುತ್ತಾರೆ.

9. ಓಪನ್ ಫೈಲ್ ನಿಮ್ಮ ಬಳಿ ಇರಲಿ

ಹಣ ಕೊಡುವ ಮೊದಲೇ ಮಾತಾಡಿಕೊಳ್ಳಿ: ಪಿಡಿಎಫ್ ಜೊತೆಗೆ ತಿದ್ದಲು ಬರುವ ಮೂಲ ಫೈಲು, ಬಳಸಿದ ಫಾಂಟು, ದೊಡ್ಡ ಅಳತೆಯ ಚಿತ್ರ. ಪುಸ್ತಕ ಖರ್ಚಾಗಿ ಎರಡನೇ ಮುದ್ರಣಕ್ಕೆ ಹೋದಾಗ ಬೆಲೆ ಬದಲಾಗುತ್ತದೆ, ಪ್ರೆಸ್ಸು ಬದಲಾಗುತ್ತದೆ, ‘ಎರಡನೇ ಮುದ್ರಣ’ ಎಂದು ಹಾಕುವ ಆಸೆಯೂ ಇರುತ್ತದೆ. ವಾಟ್ಸಾಪಿನಲ್ಲಿ ಬಂದ ಜೆಪೆಗ್ ಒಂದೇ ಉಳಿದಿದ್ದರೆ ಹಳೇ ಬೆಲೆಯ ಮೇಲೆ ಸ್ಟಿಕರ್ ಅಂಟಿಸುತ್ತ ಕೂರಬೇಕಾಗುತ್ತದೆ.