ಹಿತ್ತಲಿಗೆ ಜೇನ್ನೊಣಗಳನ್ನು ಕರೆಯುವ ಬಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂಬ ನಾಲ್ಕು ತಾಲೂಕುಗಳ ಊರುಗಳಲ್ಲಿ ಹಿತ್ತಲು ಮಾಡುವವರ ಬಾಯಿಂದ ಒಂದು ದೂರನ್ನು ಪದೇ ಪದೇ ಕೇಳುತ್ತೇವೆ. "ಬಳ್ಳಿ ಚೆನ್ನಾಗಿ ಹಬ್ಬಿತು, ಹೂವೂ ಬಿಟ್ಟಿತು, ಆದರೆ ಕಾಯಿ ಹಿಡಿಯಲಿಲ್ಲ" ಎಂಬುವದೇ ಆ ದೂರು. ಕೆಲವರು ಇದು ಕಣ್ಣುಬಿದ್ದ ದೋಷವೆಂದು ತಿಳಿದು, ಸುಣ್ಣದ ಬೊಟ್ಟು ಇಟ್ಟ ಕರೀ ಗಡಿಗೆಯನ್ನು ಚಪ್ಪರಕ್ಕೆ ತೂಗಹಾಕುತ್ತಾರೆ. ಬೇರೆ ಕೆಲವರು ಗೊಬ್ಬರ ಸಾಲದೆಂದು ಹಿಡಿ ಹಿಡಿಯಾಗಿ ಯೂರಿಯಾ ಹಾಕುತ್ತಾರೆ. ಗಡಿಗೆಯಿಂದ ಏನೂ ಆಗುವದಿಲ್ಲ. ಯೂರಿಯಾದಿಂದ ಎಲೆ ಹೆಚ್ಚುವದೇ ಹೊರತು ಕಾಯಿ ಹೆಚ್ಚುವದಿಲ್ಲ. ಹೊಲವಿಲ್ಲದ ಮನೆಯವರಿಗೆ ಹಿತ್ತಲಿನ ನಾಲ್ಕು ಬಳ್ಳಿಗಳೇ ದಿನದ ಪಲ್ಯವೂ ಸಂತೆಯ ಕಾಸೂ ಆಗಿರುವಾಗ, ಈ ನಷ್ಟವು ಸಣ್ಣದಲ್ಲ. ಆದಕಾರಣ ಇದರ ನಿಜವಾದ ಕಾರಣವನ್ನೂ ಪರಿಹಾರವನ್ನೂ ಈ ಪಾಠದಲ್ಲಿ ಕ್ರಮವಾಗಿ ನೋಡೋಣ.

೧. ಹೂವು ಕಾಯಾಗುವ ಬಗೆ

ಕುಂಬಳ, ಸವತೆ, ಹಾಗಲ ಮುಂತಾದ ಬಳ್ಳಿಗಳಲ್ಲಿ ಎರಡು ತರದ ಹೂವುಗಳುಂಟು. ಗಂಡು ಹೂವು ಬರಿಯ ತೊಟ್ಟಿನ ಮೇಲೆ ನಿಂತಿರುವದು. ಅದರ ನಡುವೆ ಹಳದಿ ಧೂಳಿ, ಅಂದರೆ ಪರಾಗ, ಇರುವದು. ಹೆಣ್ಣು ಹೂವಿನ ಕೆಳಗೆ ಹುಟ್ಟುವಾಗಲೇ ಒಂದು ಪುಟ್ಟ ಕಾಯಿ ಕಾಣುವದು. ಗಂಡು ಹೂವಿನ ಪರಾಗವು ಹೆಣ್ಣು ಹೂವಿನ ನಡುವಿನ ಅಂಟುಳ್ಳ ತುದಿಗೆ ಮುಟ್ಟಿದರೆ ಆ ಪುಟ್ಟ ಕಾಯಿ ಬೆಳೆಯುವದು; ಮುಟ್ಟದಿದ್ದರೆ ಹಳದಿಯಾಗಿ ಉದುರುವದು. ಈ ಪರಾಗವು ಅಂಟಾಗಿಯೂ ಭಾರವಾಗಿಯೂ ಇರುವದರಿಂದ ಗಾಳಿಯು ಅದನ್ನು ಒಯ್ಯಲಾರದು. ಒಯ್ಯುವವು ಮುಖ್ಯವಾಗಿ ಜೇನ್ನೊಣಗಳೇ. ಕುಂಬಳದ ಹೂವು ನಸುಕಿನಲ್ಲಿ ಅರಳಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುವದು. ಮರುದಿನ ಅದು ಮತ್ತೆ ತೆರೆಯದು. ಹೀಗಿರಲಾಗಿ, ಆ ಒಂದು ಮುಂಜಾನೆ ಜೇನ್ನೊಣ ಬಾರದಿದ್ದರೆ ಆ ಕಾಯಿ ಹೋಯಿತೆಂದೇ ಎಣಿಸಬೇಕು.

ಈ ಗುಟ್ಟನ್ನು ಜನರು ಬಹುಕಾಲ ಅರಿತಿರಲಿಲ್ಲ. ಜರ್ಮನಿಯ ಸ್ಪಾಂಡೌ ಎಂಬ ಊರಿನಲ್ಲಿ ಶಾಲೆಯ ಉಪಾಧ್ಯಾಯನಾಗಿದ್ದ ಕ್ರಿಸ್ತಿಯಾನ್ ಕೊನ್ರಾದ್ ಸ್ಪ್ರೆಂಗೆಲನು ಹೂವುಗಳ ಮುಂದೆ ತಾಳ್ಮೆಯಿಂದ ಕುಳಿತು ನೋಡಿ, ಹೂವಿನ ಬಣ್ಣವೂ ಗೆರೆಗಳೂ ಮಕರಂದವೂ ಹುಳಗಳನ್ನು ಕರೆಯುವದಕ್ಕಾಗಿಯೇ ಇವೆ ಎಂದು ೧೭೯೩ರಲ್ಲಿ ಪುಸ್ತಕ ಬರೆದನು. ಆಗಿನ ಪಂಡಿತರು ಅದನ್ನು ಅಷ್ಟಾಗಿ ಲಕ್ಷಿಸಲಿಲ್ಲ. ಮುಂದಿನ ಶತಮಾನದಲ್ಲಿ ಡಾರ್ವಿನನು ಅದರ ಬೆಲೆಯನ್ನು ತೋರಿಸಿಕೊಟ್ಟನು.

೨. ಕಾರಣವನ್ನು ಕಂಡುಹಿಡಿಯುವ ಪರೀಕ್ಷೆ

ನಾವು ಹೇಳಿದ್ದನ್ನು ಹಾಗೆಯೇ ನಂಬಬೇಕಾಗಿಲ್ಲ; ನಿಮ್ಮ ಹಿತ್ತಲಲ್ಲಿಯೇ ಪರೀಕ್ಷೆ ಮಾಡಬಹುದು. ಬೆಳಗಿನ ಏಳು ಗಂಟೆಯೊಳಗೆ ಹೊಸದಾಗಿ ಅರಳಿದ ಒಂದು ಗಂಡು ಹೂವನ್ನು ಕಿತ್ತು, ಅದರ ದಳಗಳನ್ನು ತೆಗೆದು, ಉಳಿದ ನಡುಗಡ್ಡಿಯನ್ನು ಐದು ಹೆಣ್ಣು ಹೂವುಗಳ ನಡುವಿಗೆ ಮೆಲ್ಲಗೆ ಸವರಿ, ಅವುಗಳ ತೊಟ್ಟಿಗೆ ಸಡಿಲಾಗಿ ನೂಲು ಕಟ್ಟಿರಿ. ಬೇರೆ ಐದು ಹೆಣ್ಣು ಹೂವುಗಳನ್ನು ಮುಟ್ಟದೆ ಬಿಡಿರಿ. ಒಂದು ವಾರದ ಮೇಲೆ ನೂಲು ಕಟ್ಟಿದವು ಬೆಳೆದು, ಕಟ್ಟದವು ಉದುರಿದ್ದರೆ, ಕೊರತೆಯು ಕಣ್ಣಿನದೂ ಅಲ್ಲ, ಗೊಬ್ಬರದ್ದೂ ಅಲ್ಲ, ಜೇನ್ನೊಣಗಳದ್ದೇ ಎಂದು ತಿಳಿಯಬಹುದು. ಎರಡೂ ಉದುರಿದರೆ ನೀರು, ರೋಗ ಮೊದಲಾದ ಬೇರೆ ಕಾರಣವನ್ನು ಹುಡುಕಬೇಕು. ಬಳ್ಳಿಯಲ್ಲಿ ಮೊದಲು ಕೆಲವು ದಿನ ಗಂಡು ಹೂವುಗಳೇ ಬರುವದು ಸಹಜ. ಆಗ ಕಾಯಿ ಇಲ್ಲವೆಂದು ಚಿಂತಿಸಬಾರದು.

ಕೈಯಿಂದ ದಿನಾಲು ಹೂವು ಮುಟ್ಟಿಸುತ್ತಾ ಕಾಯಿ ಪಡೆಯಬಹುದು, ನಿಜ. ಆದರೆ ಜೇನ್ನೊಣವು ಕೂಲಿಯಿಲ್ಲದೆ ಮಾಡುವ ಕೆಲಸವನ್ನು ನಾವು ನಿತ್ಯವೂ ಮಾಡುವದು ಕಷ್ಟ.

೩. ನಮ್ಮ ಸೀಮೆಯ ಜೇನ್ನೊಣಗಳು

ಅತಿಥಿಯನ್ನು ಕರೆಯುವ ಮೊದಲು ಅವನ ಗುರುತು ತಿಳಿದಿರಬೇಕು. ಎತ್ತರದ ಮರಗಳಲ್ಲಿಯೂ ನೀರಿನ ಟಾಕಿಗಳ ಅಡಿಯಲ್ಲಿಯೂ ದೊಡ್ಡ ತಟ್ಟಿ ಕಟ್ಟುವದು ಹೆಜ್ಜೇನು; ಅದು ಋತುವಿಗನುಸಾರವಾಗಿ ಊರಿಂದೂರಿಗೆ ವಲಸೆ ಹೋಗುವದು. ಬೇಲಿಯ ಗಿಡಗಳ ಕಡ್ಡಿಯ ಸುತ್ತ ಅಂಗೈಯಷ್ಟು ಹುಟ್ಟು ಕಟ್ಟುವದು ಕೋಲುಜೇನು. ಬಿಸಿಲನ್ನು ಚೆನ್ನಾಗಿ ತಾಳುವ ಈ ಸಣ್ಣ ಜೇನು ನಮ್ಮ ಬಯಲುಸೀಮೆಗೆ ಒಗ್ಗಿದ್ದು. ಪೊಟರೆಗಳಲ್ಲಿ ಹಲವು ಹುಟ್ಟುಗಳನ್ನು ಸಾಲಾಗಿ ಕಟ್ಟುವದು ತುಡುವೆ. ಹಳೆಯ ಮಣ್ಣುಗೋಡೆಯ ಸಂದಿಯಲ್ಲಿ ಮೇಣದ ಕೊಳವೆಯನ್ನು ಬಾಗಿಲಾಗಿ ಮಾಡಿಕೊಂಡಿರುವ, ಕುಟುಕದ ಪುಟ್ಟ ಜೇನನ್ನು ಕೆಲವರು ಮುಜಂಟಿಯೆಂತಲೂ ಕೆಲವರು ನಸರಿಯೆಂತಲೂ ಕರೆಯುವರು.

ಇವಲ್ಲದೆ ಹುಟ್ಟು ಕಟ್ಟದೆ ಒಂಟಿಯಾಗಿ ಬಾಳುವ ಜೇನ್ನೊಣಗಳೂ ಉಂಟು. ಕಟ್ಟಿಗೆ ಕೊರೆಯುವ ದೊಡ್ಡ ಕಪ್ಪು ದುಂಬಿಯನ್ನೂ, ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ನೊಣವನ್ನೂ ನೀವು ನೋಡಿರುವಿರಿ. ಬದನೆ ಮತ್ತು ತಕ್ಕಾಳಿ ಹೂವಿನ ಪರಾಗವು ಮುಚ್ಚಿದ ಚೀಲದೊಳಗಿದ್ದು ಸಣ್ಣ ರಂಧ್ರದಿಂದಲೋ ಸೀಳಿನಿಂದಲೋ ಹೊರಬೀಳಬೇಕು. ಅದಕ್ಕೆ ಹೂವನ್ನು ಹಿಡಿದು ಝೇಂಕರಿಸಿ ಅಲುಗಿಸಬೇಕು. ಈ ವಿದ್ಯೆ ತುಡುವೆಗೂ ಹೆಜ್ಜೇನಿಗೂ ಬಾರದು. ಈ ಒಂಟಿ ನೊಣಗಳಿಗೆ ಬರುವದು. ಆದದರಿಂದ ಜೇನು ಕೊಡದ ನೊಣವೆಂದು ಅವುಗಳನ್ನು ಓಡಿಸಬಾರದು.

೪. ಹಸುರಿನ ನಡುವೆ ಹಸಿವು

ನಮ್ಮ ಸೀಮೆ ಹಿಂದಿಗಿಂತ ಈಗ ಹಸುರಾಗಿರುವಾಗ ಜೇನ್ನೊಣಗಳಿಗೆ ಕೊರತೆ ಹೇಗೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಆ ಹಸುರಿನಲ್ಲಿಯೇ ಇದೆ. ಮಳೆಯನ್ನೇ ನಂಬಿದ್ದ ಕಾಲದಲ್ಲಿ ಎರೆಹೊಲದ ಬಿಳಿಜೋಳದ ನಡುವೆಯೂ ಅಂಚಿನಲ್ಲಿಯೂ ಕುಸುಬಿಯ ಸಾಲುಗಳಿದ್ದವು. ಗುರೆಳ್ಳು, ಎಳ್ಳು, ಅಗಸಿ, ತೊಗರಿಗಳು ಒಂದರ ಹಿಂದೆ ಒಂದು ಹೂಬಿಡುತ್ತಿದ್ದವು. ಮುಂದೆ ಘಟಪ್ರಭೆಯ ಕಾಲುವೆಗಳು ಬಂದವು. ೧೯೮೯ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮ ಹಣವನ್ನೂ ಶ್ರಮವನ್ನೂ ಕೂಡಿಸಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜನ್ನು ಕಟ್ಟಿದರು. ಅದು ಮೆಚ್ಚತಕ್ಕ ಕಾರ್ಯವೇ. ಅದರಿಂದ ಅನೇಕರ ಬಾಳು ಹಸನಾಯಿತು. ಆದರೆ ನೀರಿನ ಸಂಗಡ ಕಬ್ಬು ಬಂದು ಹೊಲಗಳನ್ನು ತುಂಬಿತು.

ಕಬ್ಬು ಹುಲ್ಲಿನ ಜಾತಿಯದು. ಅದರಲ್ಲಿ ಜೇನ್ನೊಣಕ್ಕೆ ಮಕರಂದವಿಲ್ಲ. ಗೋವಿನಜೋಳದಲ್ಲಿ ಪರಾಗವುಂಟು, ಆದರೆ ಮಕರಂದವಿಲ್ಲ. ಹರದಾರಿಗಟ್ಟಲೆ ಕಬ್ಬಿನ ನಡುವೆ ಇರುವ ಜೇನ್ನೊಣದ ಸ್ಥಿತಿಯು ತುಂಬಿದ ಊರಿನಲ್ಲಿ ಅನ್ನವಿಲ್ಲದವನ ಸ್ಥಿತಿಯಂತೆ. ಗಾಣದ ಬೆಲ್ಲದ ಕೊಪ್ಪರಿಗೆಯ ಸುತ್ತ ಅವು ಮುತ್ತಿ ಸಾಯುವದನ್ನು ನೋಡಿದವರಿಗೆ ಇದು ತಿಳಿದೀತು. ಅತ್ತ ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿನಿಂದ ಅನೇಕ ಊರುಗಳು ಸ್ಥಳ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದಾಗ, ಹಳೆಯ ಹುಣಸೆ ಬೇವುಗಳೂ ಮಣ್ಣುಗೋಡೆಗಳೂ ಹಿಂದೆಯೇ ಉಳಿದವು.

ಕೋಲುಜೇನೂ ಮುಜಂಟಿಯೂ ಮೇವಿಗಾಗಿ ಬಹುದೂರ ಹೋಗಲಾರವು. ಆದಕಾರಣ ಮನೆಯ ಹಿತ್ತಲು ಚಿಕ್ಕದಾದರೂ ಅವುಗಳಿಗೆ ದೊಡ್ಡ ಆಸರೆ.

೫. ಹೂವಿಲ್ಲದ ತಿಂಗಳಿರಬಾರದು

ಈ ಪಾಠದ ಮುಖ್ಯ ಮಾತು ಇದೇ: ಜೇನ್ನೊಣವು ಒಂದು ತಿಂಗಳ ಔತಣಕ್ಕಾಗಿ ನೆಲೆಸುವದಿಲ್ಲ, ವರುಷವಿಡೀ ಊಟವಿರುವಲ್ಲಿ ನೆಲೆಸುವದು. ನಮ್ಮಲ್ಲಿ ವರುಷಕ್ಕೆ ೬೦೦ ಮಿಲಿಮೀಟರಿಗಿಂತ ಕಡಿಮೆ ಮಳೆ. ಅದೂ ಹೆಚ್ಚಾಗಿ ಜೂನಿನಿಂದ ಅಕ್ಟೋಬರದೊಳಗೆ. ಹೀಗಿರುವದರಿಂದ ತಿಂಗಳುಗಳನ್ನು ಲೆಕ್ಕ ಹಾಕಿ ನೆಡಬೇಕು.

ಮುಂಗಾರಿನಲ್ಲಿ: ಹುಣಸೆ, ಜಾಲಿ, ಎಳ್ಳು, ಸವತೆ, ಕುಂಬಳ. ಮಳೆಗಾಲದ ಕೊನೆಗೆ ಗುರೆಳ್ಳು, ಬಾರೆ ಗಿಡ, ಎರಡನೆಯ ಸಲ ಹೂಬಿಡುವ ನುಗ್ಗೆ.

ಹಿಂಗಾರಿನಲ್ಲಿಯೂ ಚಳಿಗಾಲದಲ್ಲಿಯೂ: ತೊಗರಿ, ಕುಸುಬಿ, ಸೂರ್ಯಕಾಂತಿ, ಕೊತ್ತಂಬರಿ, ಸಬ್ಬಸಿಗೆ, ಬೀಜಕ್ಕೆ ಬಿಟ್ಟ ಉಳ್ಳಾಗಡ್ಡಿ, ಮಾವು.

ಬೇಸಗೆಯಲ್ಲಿ: ನುಗ್ಗೆ, ಬೇವು, ನೇರಳೆ, ಹೊಂಗೆ, ಕರಿಬೇವು. ಈ ಮರಗಳ ಬೇರು ಆಳಕ್ಕೆ ಇಳಿಯುವದರಿಂದ ಹೊಲ ಬರಿದಾದಾಗಲೂ ಇವು ಹೂಬಿಡುವವು. ಜೇನ್ನೊಣಗಳಿಗೆ ಕಠಿಣವಾದ ಕಾಲ ಇದೇ ಆದದರಿಂದ, ಒಂದೇ ಗಿಡ ನೆಡಲು ಸ್ಥಳವಿದ್ದವರು ನುಗ್ಗೆಯನ್ನಾದರೂ ಕರಿಬೇವನ್ನಾದರೂ ನೆಡಲಿ. ಹೊಸ ಕೇಂದ್ರಗಳ ಬರಿಯ ಅಂಗಳಗಳಿಗೂ ಇವೇ ತಕ್ಕವು.

ಎಲ್ಲಾ ಕಾಲದಲ್ಲಿ: ತುಳಸಿ, ಕಾಮಕಸ್ತೂರಿ, ತೆಂಗು, ಬಾಳೆ. ರಬಕವಿ ಬನಹಟ್ಟಿಗಳ ನೇಕಾರರ ಓಣಿಗಳಲ್ಲಿ ಮಗ್ಗಕ್ಕೆ ಸ್ಥಳವಿದೆ, ಹಿತ್ತಲಿಗಿಲ್ಲ. ಅಂಥವರು ಒಡೆದ ಕೊಡದಲ್ಲಿಯೋ ಹಳೆಯ ಡಬ್ಬಿಯಲ್ಲಿಯೋ ಕಾಮಕಸ್ತೂರಿಯನ್ನು ಬೆಳೆದು ಮಾಳಿಗೆಯ ಮೇಲಿಟ್ಟರೂ ಜೇನ್ನೊಣವು ಹುಡುಕಿಕೊಂಡು ಬರುವದು.

ದುಡ್ಡಿಲ್ಲದೆ ಮಾಡತಕ್ಕ ಇನ್ನೊಂದು ಕೆಲಸವುಂಟು. ಕೊತ್ತಂಬರಿ, ಮೆಂತೆ, ಮೂಲಂಗಿಗಳ ಮಡಿಯನ್ನು ಪೂರ್ತಿಯಾಗಿ ಕೀಳದೆ, ಹತ್ತರಲ್ಲಿ ಎರಡು ಗಿಡಗಳನ್ನು ಹೂವಿಗೆ ಬಿಡಿರಿ. ಜೇನ್ನೊಣಕ್ಕೆ ಊಟ, ನಿಮಗೆ ಬರುವ ವರುಷದ ಬೀಜ, ಎರಡೂ ಆಗುವವು.

೬. ಎಂಥ ಹೂವನ್ನು ಆರಿಸಬೇಕು?

ಕಾರ್ಲ್ ಫಾನ್ ಫ್ರಿಶ್ ಎಂಬ ವಿದ್ವಾಂಸನು ೧೯೧೪ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ ಜೇನ್ನೊಣಗಳಿಗೆ ಬಣ್ಣ ಕಾಣುವದೆಂದು ತೋರಿಸಿದನು. ಬಣ್ಣದ ಕಾಗದಗಳ ಮೇಲೆ ಸಕ್ಕರೆನೀರಿಟ್ಟು ಅವುಗಳನ್ನು ಪಳಗಿಸಿದಾಗ, ಅವು ನೀಲಿಯನ್ನೂ ಹಳದಿಯನ್ನೂ ಗುರುತಿಸಿದವು. ಕೆಂಪನ್ನು ಕಪ್ಪಿನಿಂದ ಬೇರೆ ಮಾಡಲಾರದೆ ಹೋದವು. ಅವನಿಗೆ ೧೯೭೩ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆದದರಿಂದ ನೀಲಿ, ನೇರಳೆ, ಹಳದಿ, ಬಿಳಿ ಹೂವುಗಳಿಗೆ ಮೊದಲ ಸ್ಥಾನ ಕೊಡಿರಿ.

ಎರಡನೆಯದಾಗಿ, ದಳಗಳು ಒತ್ತಾಗಿ ಸುತ್ತಿಕೊಂಡಿರುವ ಪೇಟೆಯ ಗುಲಾಬಿ ಚೆಂಡುಹೂವುಗಳು ಕಣ್ಣಿಗೆ ಅಂದವಾದರೂ, ಅವುಗಳಲ್ಲಿ ಅನೇಕವುಗಳ ಪರಾಗದ ಕೇಸರಗಳೇ ದಳಗಳಾಗಿ ಮಾರ್ಪಟ್ಟಿವೆ. ಜೇನ್ನೊಣಕ್ಕೆ ಅಲ್ಲಿ ಸಿಕ್ಕುವದು ಅತ್ಯಲ್ಪ. ಒಂದೇ ಸುತ್ತಿನ ನಾಡಹೂವುಗಳೇ ಉತ್ತಮ. ಮೂರನೆಯದಾಗಿ, ಜೇನ್ನೊಣವು ಒಂದು ಹಾರಾಟದಲ್ಲಿ ಹೆಚ್ಚಾಗಿ ಒಂದೇ ಜಾತಿಯ ಹೂವುಗಳಿಗೆ ಹೋಗುವದರಿಂದ, ಒಂದು ಜಾತಿಯ ಗಿಡಗಳನ್ನು ಚದರಿಸದೆ ಗುಂಪಾಗಿ ನೆಡಬೇಕು.

೭. ನೀರು, ವಸತಿ, ವಿಷ

ಬೇಸಗೆಯಲ್ಲಿ ಜೇನ್ನೊಣಗಳು ತಮ್ಮ ಹುಟ್ಟನ್ನು ತಂಪಾಗಿಡಲು ನೀರನ್ನು ಒಯ್ಯುವವು. ಆಳವಿಲ್ಲದ ಒಂದು ಮಣ್ಣಿನ ಪರಟಿಯಲ್ಲಿ ಹರಳುಗಳನ್ನು ಹಾಕಿ, ಹರಳುಗಳ ತಲೆ ಮುಳುಗದಷ್ಟು ನೀರು ತುಂಬಿ ನೆರಳಲ್ಲಿಡಿರಿ. ಹರಳಿಲ್ಲದಿದ್ದರೆ ಅವು ಮುಳುಗಿ ಸಾಯುವವು. ನೀರನ್ನು ದಿನಾಲು ಬದಲಿಸಿದರೆ ಸೊಳ್ಳೆಗಳಿಗೆ ಎಡೆಯಾಗದು.

ಒಂಟಿ ನೊಣಗಳಿಗಾಗಿ ಹಿತ್ತಲಿನ ಒಂದು ಮೂಲೆಯನ್ನು ಅಗೆಯದೆ ಬಿಡಿರಿ. ಒಣಗಿದ ಕತ್ತಾಳೆಯ ಕಂಬವನ್ನೋ ಬಿದಿರಿನ ತುಂಡನ್ನೋ ಬೇಲಿಗೆ ಕಟ್ಟಿರಿ. ಮಣ್ಣುಗೋಡೆಯ ಮುಜಂಟಿಯ ಬಾಗಿಲನ್ನು ಮೆತ್ತಿ ಮುಚ್ಚಬೇಡಿರಿ. ಹೆಜ್ಜೇನಿಗೆ ಮಾತ್ರ ದೂರದಿಂದಲೇ ಮರ್ಯಾದೆ ತೋರಿಸಬೇಕು. ಮಕ್ಕಳು ಅದಕ್ಕೆ ಕಲ್ಲೆಸೆಯದಂತೆ ನೋಡಿಕೊಳ್ಳಿರಿ; ಅನೇಕ ನೊಣಗಳು ಕುಟುಕಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟೆಲ್ಲಾ ಮಾಡಿದ ಮೇಲೆ ಅರಳಿದ ಹೂವಿನ ಮೇಲೆ ಕೀಟನಾಶಕವನ್ನು ಹೊಡೆದರೆ, ಊಟಕ್ಕೆ ಕರೆದು ವಿಷವಿಕ್ಕಿದಂತಾಗುವದು. ಇಮಿಡಾಕ್ಲೋಪ್ರಿಡ್ ಮುಂತಾದ ಮೂರು ಔಷಧಗಳನ್ನು ಬಯಲು ಹೊಲಗಳಲ್ಲಿ ಬಳಸಬಾರದೆಂದು ಯುರೋಪಿನ ಒಕ್ಕೂಟವು ೨೦೧೮ರಲ್ಲಿ ನಿಷೇಧಿಸಿದ್ದು ಜೇನ್ನೊಣಗಳ ರಕ್ಷಣೆಗಾಗಿಯೇ. ಹೂಬಿಟ್ಟಾಗ ಹೊಡೆಯಬೇಡಿರಿ, ಹೊಡೆಯಲೇಬೇಕಾದರೆ ನೊಣಗಳು ಮನೆ ಸೇರಿದ ಸಂಜೆಯ ಹೊತ್ತಿನಲ್ಲಿ, ಅದೂ ಆದಷ್ಟು ಮೃದುವಾದದ್ದನ್ನು ಹೊಡೆಯಿರಿ. ಬೇವಿನ ಎಣ್ಣೆಗೂ ಇದೇ ನಿಯಮ. ಪಕ್ಕದ ದಾಳಿಂಬೆ ದ್ರಾಕ್ಷಿ ತೋಟದವರ ಸಂಗಡ ಜಗಳಕ್ಕಿಂತ ಮಾತುಕತೆ ಲೇಸು. ದಾಳಿಂಬೆಗೂ ಜೇನ್ನೊಣ ಬಂದರೆ ಕಾಯಿ ಹೆಚ್ಚಾಗಿ ಕಚ್ಚುವದರಿಂದ ಲಾಭವು ಅವರದೂ ಆಗಿದೆ.

೮. ಪೆಟ್ಟಿಗೆಯ ವಿಷಯ

ಜೇನುಪೆಟ್ಟಿಗೆಯನ್ನು ಕೊಂಡು ತರಬಹುದಲ್ಲವೇ ಎಂದು ಕೇಳುವವರಿಗೆ ನಮ್ಮ ಬುದ್ಧಿವಾದ: ಮೊದಲು ಮೇವು, ಆಮೇಲೆ ಪೆಟ್ಟಿಗೆ. ಎಮ್ಮೆಯನ್ನು ಕೊಳ್ಳುವವನು ಮೊದಲು ಕಣಿಕೆಯ ಬಣವೆಯನ್ನು ನೋಡಿಕೊಳ್ಳುವದಿಲ್ಲವೇ? ೧೯೯೧-೯೨ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ಹಬ್ಬಿ ದಕ್ಷಿಣ ಹಿಂದುಸ್ಥಾನದ ತುಡುವೆ ಜೇನಿನ ಬಹುಪಾಲು ಕುಟುಂಬಗಳು ನಾಶವಾದವು; ಜೇನುಸಾಕಣೆಯನ್ನೇ ನಂಬಿದ್ದ ಮನೆಗಳು ಬಹಳ ಕಷ್ಟಪಟ್ಟವು. ಆದಕಾರಣ ಕಲಿಯದೆ ಕೈಹಾಕಬಾರದು. ಕಲಿಯಲಿಚ್ಛಿಸುವವರು ತಾಲೂಕಿನ ತೋಟಗಾರಿಕೆ ಇಲಾಖೆಯಲ್ಲಿಯೂ, ೨೦೦೮ರಲ್ಲಿ ಬಾಗಲಕೋಟೆಯಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿಯೂ ವಿಚಾರಿಸಲಿ.

ಒಬ್ಬನ ಹಿತ್ತಲಿನಲ್ಲಿ ಹನ್ನೆರಡು ತಿಂಗಳ ಹೂವು ಹಿಡಿಸಲಿಕ್ಕಿಲ್ಲ. ಆದರೆ ಒಂದು ಓಣಿಯ ಹತ್ತು ಮನೆಯವರು ಕೂಡಿ, ಒಬ್ಬರು ನುಗ್ಗೆ, ಒಬ್ಬರು ಕರಿಬೇವು, ಒಬ್ಬರು ಕುಸುಬಿಯ ಸಾಲು ಎಂದು ಹಂಚಿಕೊಂಡರೆ ಓಣಿಯೇ ಒಂದು ತೋಟವಾಗುವದು. ಒಬ್ಬರ ಹೂವಿಗೆ ಬಂದ ಜೇನ್ನೊಣವು ಇನ್ನೊಬ್ಬರ ಕುಂಬಳಕ್ಕೆ ಕಾಯಿ ಕೊಟ್ಟು ಹೋಗುವದು.

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ಹಿತ್ತಲಿನಲ್ಲಿಯೂ ಓಣಿಯಲ್ಲಿಯೂ ಯಾವ ಯಾವ ತಿಂಗಳಲ್ಲಿ ಒಂದೂ ಹೂವಿರುವದಿಲ್ಲ? ಆ ತಿಂಗಳಿಗೆ ಯಾವ ಗಿಡವನ್ನು ನೆಡಬೇಕು?
೨. ಹೆಣ್ಣು ಹೂವಿನ ಗುರುತೇನು? ನೂಲು ಕಟ್ಟಿ ಮಾಡಿದ ಪರೀಕ್ಷೆಯಿಂದ ಏನು ತಿಳಿದುಬಂತು?
೩. ಬದನೆಯ ಹೂವಿಗೆ ಯಾವ ನೊಣ ಬೇಕು? ಅದಕ್ಕೆ ನಾವು ವಸತಿಯನ್ನು ಬಿಟ್ಟಿದ್ದೇವೆಯೇ?
೪. ನಮ್ಮ ಮನೆಯಲ್ಲಿ ಕೀಟನಾಶಕವನ್ನು ಯಾವ ಹೊತ್ತಿನಲ್ಲಿ ಹೊಡೆಯುತ್ತೇವೆ?